ಏಳು ಲಕ್ಷದ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು ಬತ್ತಿ

ನಾನು ಹುಟ್ಟಿದ್ದು ಸಿದ್ಧಾರ್ಥಿ ಸಂವತ್ಸರದಲ್ಲಿ. ಅರವತ್ತು ಹೆಸರುಗಳೂ ಒಂದು ಸುತ್ತು ತಿರುಗಿ ಅದೇ ಸಿದ್ಧಾರ್ಥಿ ಮತ್ತೆ ಬಂದಾಗ ನನ್ನ ಹೆಂಡತಿ ಪಾಪಮ್ಮ ಇರಲಿಲ್ಲ. ಹಿಂದಿನ ವರ್ಷ ಕಾಳಯುಕ್ತಿಯ ಆಶ್ವೀಜದಲ್ಲಿ ಊರೂರನ್ನೂ ಹೊಕ್ಕ ಇನ್‌ಫ್ಲುಯೆಂಜಾ ಜ್ವರ ಅವಳನ್ನೂ ಕರೆದುಕೊಂಡು ಹೋಯಿತು. ಅವಳು ಬಿಟ್ಟುಹೋದದ್ದು ಅಟ್ಟದ ಮೇಲೆ ಸಾಲಾಗಿ ಇಟ್ಟಿದ್ದ ಹನ್ನೆರಡು ಬಿದಿರು ಬುಟ್ಟಿಗಳು. ಅವುಗಳ ತುಂಬ ಹತ್ತಿಯ ಬತ್ತಿಗಳು.

ಆ ಬತ್ತಿಗಳು ನನ್ನ ಆಯುಸ್ಸಿನ ಹರಕೆ. ವಿಕಾರಿ ಸಂವತ್ಸರದ ಪ್ಲೇಗಿನಲ್ಲಿ ನನ್ನ ಕಂಕುಳಲ್ಲಿ ಗೆಡ್ಡೆ ಎದ್ದಿತ್ತು. ಅಜ್ಜಂಪುರದ ಜನವೆಲ್ಲ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದ ಕಾಲ ಅದು. ನಾನು ಬದುಕುವುದಿಲ್ಲವೆಂದು ಹಾಸಿಗೆಯ ಹತ್ತಿರ ಯಾರೂ ಬರುತ್ತಿರಲಿಲ್ಲ. ಪಾಪಮ್ಮ ಕೆರೆ ಏರಿಯ ಈಶ್ವರನ ಗುಡಿಗೆ ಹೋಗಿ, "ಇವರು ಅರವತ್ತು ಕಾಣಲಿ. ಅರವತ್ತು ವರ್ಷದ ಒಂದೊಂದು ತಿಂಗಳಿಗೂ ಸಾವಿರ ಬತ್ತಿ ಹೊಸೆದು ನಿನ್ನ ಮುಂದೆ ಉರಿಸುತ್ತೇನೆ" ಎಂದು ಹರಸಿಕೊಂಡಳು. ಗೆಡ್ಡೆ ಒಡೆಯಿತು. ನಾನು ಎದ್ದು ಕೂತೆ. ಮಾರನೆಯ ವಾರವೇ ಅವಳು ಹತ್ತಿ ತರಿಸಿದಳು.

ಅವಳಿಗೆ ಓದು ಬರಹ ಇರಲಿಲ್ಲ. ನಾನು ಶಾಲೆಯ ಉಪಾಧ್ಯಾಯ. ಲೆಕ್ಕ ಇಡುತ್ತೇನೆ ಎಂದರೆ ಬೇಡ ಎಂದಳು. ಅವಳ ಲೆಕ್ಕವೇ ಬೇರೆ. ಸಾವಿರ ಬತ್ತಿ ಆದ ಕೂಡಲೇ ದಾರ ಸುತ್ತಿ ಒಂದು ಕಟ್ಟು ಮಾಡುವಳು, ನಿಂಬೆಹಣ್ಣಿನಷ್ಟು ದಪ್ಪ. ಒಂದೊಂದು ಕಟ್ಟಿಗೆ ಒಂದೊಂದು ಸಂವತ್ಸರದ ಹೆಸರು. ಪ್ರಭವ, ವಿಭವ, ಶುಕ್ಲ ಎಂದು ಶುರುವಾಗಿ ಅಕ್ಷಯಕ್ಕೆ ಬಂದರೆ ಅರವತ್ತು ಕಟ್ಟು, ಒಂದು ಬುಟ್ಟಿ ಭರ್ತಿ. ಮೊದಲನೆಯದು ಚೈತ್ರದ ಬುಟ್ಟಿ, ಆಮೇಲೆ ವೈಶಾಖದ ಬುಟ್ಟಿ. ಹೀಗೆ ಹದಿನೆಂಟು ವರ್ಷ ಹೊಸೆದಳು. ಒಲೆಯ ಮೇಲೆ ಎಸರು ಕಾಯುವಾಗ, ನೆಂಟರೊಡನೆ ಮಾತಾಡುವಾಗ, ತೊಡೆಯ ಮೇಲೆ ಅಂಗೈ ಓಡುತ್ತಲೇ ಇರುತ್ತಿತ್ತು. ಫಾಲ್ಗುಣದ ಬುಟ್ಟಿಗೆ ಕೊನೆಯ ಕಟ್ಟು ಬಿದ್ದದ್ದು ಅವಳು ಮಲಗುವುದಕ್ಕೆ ಒಂದು ತಿಂಗಳು ಮುಂಚೆ.

ಜ್ವರದಲ್ಲಿ ಅವಳು ಕಡೆಯದಾಗಿ ಸ್ಪಷ್ಟವಾಗಿ ಆಡಿದ ಮಾತು ಇದು: "ಬಂದೋರ್ಗೆಲ್ಲ ಸಮ ಹಂಚ್ರಿ. ಒಂದೂ ಉಳಿಸ್ಬ್ಯಾಡ್ರಿ."

ಅದು ಅವಳ ತವರು ಲಿಂಗದಹಳ್ಳಿಯ ಕಟ್ಟಳೆ. ಹರಕೆಯ ಬತ್ತಿ ಉರಿಸುವ ದಿನ ಯಾರನ್ನೂ ಎಣಿಸಿ ಕರೆಯುವಂತಿಲ್ಲ. ಬೋಗುಣಿ ಹಿಡಿದು ಬಂದ ಹೆಣ್ಣುಮಗಳನ್ನು ಹಿಂದಕ್ಕೆ ಕಳಿಸುವಂತಿಲ್ಲ. ಕೂತವರಿಗೆಲ್ಲ ಸಮಪಾಲು ಹೋಗಬೇಕು. ಹಂಚಿದ ಮೇಲೆ ಒಂದೇ ಒಂದು ಬತ್ತಿ ಮಿಕ್ಕರೂ ಹರಕೆ ಸಂದಂತಲ್ಲ. ಆ ಮನೆಯ ಮಗಳು ಅದನ್ನು ಮೊದಲಿನಿಂದ ಮತ್ತೆ ಹೊಸೆದು ತೀರಿಸಬೇಕು.

ನಮಗೆ ಒಬ್ಬಳೇ ಮಗಳು, ಕಾಂತಮ್ಮ. ಅವಳನ್ನು ಕಡೂರಿಗೆ ಕೊಟ್ಟಿದೆ. ಅಳಿಯ ಚಂದ್ರಶೇಖರ ಅಲ್ಲಿ ಕಚೇರಿಯಲ್ಲಿ ಗುಮಾಸ್ತ. ಕಂಕುಳಲ್ಲೊಂದು, ಮಡಿಲಲ್ಲೊಂದು ಮಗು ಇಟ್ಟುಕೊಂಡವಳ ತಲೆಯ ಮೇಲೆ ಹದಿನೆಂಟು ವರ್ಷದ ಕೆಲಸ ಬೀಳುವುದು ನನಗೆ ಬೇಡವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಪಾಪಮ್ಮ ಮುಗಿಸಿ ಹೋದ ಕೆಲಸ ಮುಗಿಯಲಿಲ್ಲ ಎಂದು ಯಾರೂ ಅನ್ನಬಾರದಾಗಿತ್ತು.

ವರ್ಷಾಬ್ದಿಕ ಕಳೆಯಿತು. ಕಾರ್ತಿಕದ ಕಡೆಯ ಸೋಮವಾರ ಬತ್ತಿ ಉರಿಸುವುದೆಂದು ಗೊತ್ತಾಯಿತು. ಆಗ ನಾನು ಸ್ಲೇಟು ತೆಗೆದುಕೊಂಡು ಕೂತೆ. ಹನ್ನೆರಡು ಬುಟ್ಟಿ, ಬುಟ್ಟಿಗೆ ಅರವತ್ತು, ಒಟ್ಟು ಏಳುನೂರ ಇಪ್ಪತ್ತು ಕಟ್ಟು. ಕಟ್ಟಿಗೆ ಸಾವಿರದಂತೆ ಏಳು ಲಕ್ಷದ ಇಪ್ಪತ್ತು ಸಾವಿರ ಬತ್ತಿ. ಇಬ್ಬರು ಬಂದರೆ, ಮೂವರು ಬಂದರೆ ಎಂದು ಒಂದೊಂದಾಗಿ ಭಾಗಿಸುತ್ತ ಹೋದೆ. ಆರರ ತನಕ ಸರಾಗ. ಏಳು ಜನ ಬಂದರೆ ಒಂದು ಬತ್ತಿ ಉಳಿಯಿತು. ಒಂದೇ ಒಂದು! ಎಂಟು, ಒಂಬತ್ತು, ಹತ್ತಕ್ಕೆ ಏನೂ ಉಳಿಯಲಿಲ್ಲ. ಹನ್ನೊಂದಕ್ಕೆ ಆರು ಉಳಿಯಿತು. ಹದಿಮೂರಕ್ಕೆ ಎಂಟು. ಹದಿನಾಲ್ಕಕ್ಕೂ ಎಂಟು. ಸ್ಲೇಟು ಒರೆಸಿ ಮತ್ತೆ ಮಾಡಿದೆ. ಶೇಷ ಕದಲಲಿಲ್ಲ.

ಈಶ್ವರನ ಗುಡಿಯ ಅರ್ಚಕ ಹೊನ್ನಯ್ಯನವರ ಹತ್ತಿರ ಹೇಳಿಕೊಂಡೆ.

"ಅದಕ್ಯಾಕೆ ಇಷ್ಟು ಯೋಚನೆ ಮೇಷ್ಟ್ರೇ? ಉಳಿದದ್ದು ಒಂದೋ ಎಂಟೋ, ನನ್ನ ಕೈಗೆ ಕೊಡಿ. ನಂದಾದೀಪಕ್ಕೆ ಹಾಕಿಬಿಡ್ತೀನಿ" ಎಂದರು.

ಪಾಪಮ್ಮನ ತಂಗಿ ಹುಲಿಗೆಮ್ಮ ಆ ಹೊತ್ತಿಗೆ ತರೀಕೆರೆಯಿಂದ ಬಂದವಳು ನನ್ನ ಜೊತೆಗೇ ಗುಡಿಗೆ ಬಂದಿದ್ದಳು. ಬೀರೂರಿನಲ್ಲಿ ಗಾಡಿ ಬದಲಾಯಿಸಿ, ಜಾಗ ಸಿಗದೆ ನಿಂತುಕೊಂಡೇ ಬಂದ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಏನ್ ಅಯ್ನೋರೇ, ದೇವ್ರ ದೀಪಕ್ಕೆ ಬತ್ತಿಗೇನ್ ಬರ ಬಂದೈತಾ? ನಾವು ಹಂಚಿ ಮಿಕ್ಕಿದ್ದು ಬಳ್ಕೊಂಡ್ ಬಂದು ಶಿವನ್ಗೆ ಹಾಕದಾ?" ಎಂದಳು.

ಹೊನ್ನಯ್ಯನವರು ನಕ್ಕು, "ನಿಮ್ಮಕ್ಕ ಎದುರು ಮಾತಾಡ್ತಿರಲಿಲ್ಲ ಕಣಮ್ಮ" ಎಂದರು.

"ಅವ್ಳ ಪಾಲಿಂದೂ ನಾನೇ ಆಡ್ತಿದ್ದೆ" ಎಂದಳು ಹುಲಿಗೆಮ್ಮ.

ಹುಲಿಗೆಮ್ಮನಿಗೆ ಗಂಡ ಹೋಗಿ ಹತ್ತಾರು ವರ್ಷವಾಗಿತ್ತು. ಬಾಯಿ ಜೋರು. ಆದರೆ ಶುಭಕಾರ್ಯ ಎಂದರೆ ತಾನಾಗಿಯೇ ಹಿಂದೆ ಸರಿದು ಹಿತ್ತಲ ಬಾಗಿಲ ಹತ್ತಿರ ನಿಲ್ಲುವಳು.

ಮನೆಗೆ ಬಂದು ಚೈತ್ರದ ಬುಟ್ಟಿಯನ್ನು ಕೆಳಗಿಳಿಸಿದೆ. ಕಟ್ಟುಗಳನ್ನು ಬಿಚ್ಚಿ ಹಂಚಬೇಕಾಗಿ ಬಂದರೆ ಹೇಗೆ ಎಂದು ನೋಡೋಣವೆಂದು ಒಂದು ಕಟ್ಟು ಬಿಚ್ಚಿದೆ. ಹಾಸಿದ ಪಂಚೆಯ ಮೇಲೆ ಹತ್ತು ಹತ್ತಾಗಿ ಇಟ್ಟು ಎಣಿಸಿದೆ. ಸಾವಿರದ ಮೇಲೆ ಒಂದು ಇತ್ತು. ಕಣ್ಣು ಮಂಜಾಗಿದೆ, ನಾನೇ ತಪ್ಪಿರಬೇಕು ಎಂದುಕೊಂಡು, ಬತ್ತಿ ಉರಿಸುವುದಕ್ಕೆಂದು ಕಡೂರಿನಿಂದ ಮುಂಚೆಯೇ ಬಂದಿದ್ದ ಕಾಂತಮ್ಮನನ್ನು ಕರೆದು ಎಣಿಸಲು ಹೇಳಿದೆ. ಅವಳೂ ಎಣಿಸಿ, "ಒಂದು ಜಾಸ್ತಿ ಐತಲ್ಲ ಅಪ್ಪಯ್ಯ" ಎಂದಳು. ಇನ್ನೊಂದು ಕಟ್ಟು ಬಿಚ್ಚಿದೆವು. ಸಾವಿರದ ಒಂದು. ಆಷಾಢದ ಬುಟ್ಟಿಯಿಂದ ಒಂದು ತೆಗೆದೆವು. ಅದೂ ಸಾವಿರದ ಒಂದು.

ಉಳಿಯುವ ಬತ್ತಿಯ ಮಾತು ಹಾಗಿರಲಿ, ಹರಸಿಕೊಂಡದ್ದೇ ಒಂದು, ಮಾಡಿದ್ದೇ ಇನ್ನೊಂದು. ಹದಿನೆಂಟು ವರ್ಷ ಅವಳು ತಪ್ಪು ಎಣಿಸಿದ್ದಳು. ನಾನು ಲೆಕ್ಕ ಕಲಿಸುವವನಾಗಿ ಅದೇ ಮನೆಯಲ್ಲಿ ಉಂಡು ಓಡಾಡಿಕೊಂಡಿದ್ದೆ.

ಹುಲಿಗೆಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಮ್ಮ ಮುಖ ನೋಡಿ, "ಏನಾಯ್ತು, ಇಲಿ ತಿಂದವಾ?" ಎಂದಳು.

"ಕಟ್ಟಿಗೆ ಒಂದೊಂದು ಹೆಚ್ಚಿದೆ ಹುಲಿಗೆಮ್ಮ. ನಿಮ್ಮಕ್ಕ ಎಣಿಕೆ ತಪ್ಪಿದ್ದಾಳೆ."

"ಯಾರು, ನಮ್ಮಕ್ಕನಾ? ಕಣದಾಗೆ ರಾಗಿ ಅಳೆಯೋವಾಗ ಅಪ್ಪ ಅವ್ಳನ್ನೇ ಎಣ್ಸೋಕೆ ಕೂರಿಸ್ತಿದ್ದ. ನೀವು ಎಣ್ಸಿ ತೋರ್ಸಿ, ನೋಡನ."

ನಾನು ಬತ್ತಿಗಳನ್ನು ಎತ್ತಿಡುತ್ತ, "ಲಾಭ, ಎರಡು, ಮೂರು" ಎಂದೆ. ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎನ್ನುವುದು ನಮ್ಮ ಕಡೆ ಎಲ್ಲ ಕಣಗಳಲ್ಲೂ ಇರುವ ವಾಡಿಕೆ.

ಹುಲಿಗೆಮ್ಮ ಮೊರ ಕೆಳಗಿಟ್ಟಳು. "ಅಯ್ಯೋ, ಒಂದೆಲ್ಲಿಗೆ ಹೋಯ್ತು ಭಾವ?"

"ಲಾಭ ಅಂದದ್ದೇ ಒಂದಲ್ಲವೇ?"

"ನಿಮ್ಮೂರಾಗೆ ಅಂಗೆ. ನಮ್ಮಪ್ಪನ ಕಣದಾಗೆ ಅಂಗಲ್ಲ. ಲಾಭ ಅಂತ ಮೊದಲ್ನೇ ಕೊಳಗ ಹಾಕಿದ್ರೆ ಅದು ದೇವ್ರದ್ದು. ಅದು ಲೆಕ್ಕಕ್ಕಿಲ್ಲ. ಆಮ್ಯಾಲೆ ಒಂದು, ಎರಡು. ಲಾಭನೂ ರಾಶಿಯೊಳಗೇ ಇರ್ತದೆ, ಆದ್ರೆ ನಮ್ಮ ಎಣಿಕೆಯೊಳಗೆ ಇರಲ್ಲ. ಅಕ್ಕ ತಪ್ಪಿಲ್ಲ ಕಣ್ರೀ. ನಿಮ್ಗೆ ಸಾವಿರ, ಶಿವನ್ಗೆ ಒಂದು."

ಹಾಗಾದರೆ ಹರಕೆ ಕೆಟ್ಟಿರಲಿಲ್ಲ. ನಾನು ಹಾಸಿಗೆ ಹಿಡಿದಿದ್ದ ತಿಂಗಳಿಗೂ, ಅವಳೊಡನೆ ಮುನಿಸಿಕೊಂಡಿದ್ದ ತಿಂಗಳಿಗೂ ಅವಳು ದೇವರ ಪಾಲು ಸೇರಿಸಿಯೇ ಕಟ್ಟಿದ್ದಳು. ಮನಸ್ಸಿಗೆ ಹಗುರವೂ ಆಯಿತು, ಅಳುವೂ ಬಂತು.

ಆದರೆ ಹಂಚುವ ತೊಡಕು ಹಾಗೆಯೇ ಇತ್ತು. ಅದು ಹೆಚ್ಚಿತೋ ಕಡಿಮೆಯಾಯಿತೋ ಎಂದು ತಿಳಿಯಲು ಅಂದು ಸಂಜೆಗೆ ಮುಂಚೆ ಮಿಕ್ಕ ಬುಟ್ಟಿಗಳಿಂದಲೂ ಒಂದೊಂದು ಕಟ್ಟು ತೆಗೆದು ಮೂವರೂ ಎಣಿಸಿದೆವು. ಎಲ್ಲವೂ ಸಾವಿರದ ಒಂದೇ. ಬಿಚ್ಚಿದ್ದನ್ನೆಲ್ಲ ಮತ್ತೆ ದಾರ ಸುತ್ತಿ ಅದರದರ ಬುಟ್ಟಿಗೆ ಹಾಕಿದೆವು. ಅಷ್ಟರಲ್ಲಿ ಕಡೂರಿನಿಂದ ಅಳಿಯ ಬಂದ. ಕೈಕಾಲು ತೊಳೆದುಕೊಂಡು ನನ್ನ ಪಕ್ಕದಲ್ಲಿ ಕೂತು ಸ್ಲೇಟಿನ ಮೇಲೆ ಬಗ್ಗಿದ.

ನಾನು 7,20,720 ಎಂದು ಬರೆದಿದ್ದೆ.

"ಮಾವನವರೇ, ಇದನ್ನ ಇಂಗ್ಲಿಷ್ ಕ್ರಮದಲ್ಲಿ ಬರೀತೀನಿ ನೋಡಿ" ಎಂದು ಅವನು ಕೆಳಗೆ ಬರೆದ. ಇಂಗ್ಲಿಷರಿಗೆ ಲಕ್ಷವಿಲ್ಲ, ಅವರು ಮೂರು ಮೂರು ಅಂಕಿಗೆ ಗೆರೆ ಎಳೆಯುತ್ತಾರೆ. 720,720 ಎಂದಾಯಿತು. ನಾನು ಬರೆದಾಗ ಕಾಣದೆ ಇದ್ದದ್ದು ಈಗ ಕಣ್ಣಿಗೆ ಬಿತ್ತು. ಏಳುನೂರ ಇಪ್ಪತ್ತು ಎರಡು ಸಲ, ಜೋಡೆತ್ತಿನ ಹಾಗೆ ಪಕ್ಕಪಕ್ಕದಲ್ಲಿ ನಿಂತಿತ್ತು. ಸಾವಿರದ ಒಂದರಿಂದ ಗುಣಿಸಿದರೆ ಹಾಗೆಯೇ ಆಗಬೇಕು.

"ಇರಪ್ಪ" ಎಂದೆ. "ಏಳುನೂರ ಇಪ್ಪತ್ತು ಕಟ್ಟನ್ನು ಹಾಗೇ ಬಿಡು. ಅದು ಏಳಕ್ಕೆ, ಹನ್ನೊಂದಕ್ಕೆ, ಹದಿಮೂರಕ್ಕೆ ಹೋಗುವುದಿಲ್ಲ ಎಂದು ಗೊತ್ತೇ ಇದೆ. ಒಂದು ಕಟ್ಟಿನ ಒಳಗೆ ಏನಿದೆ ನೋಡೋಣ."

ಸಾವಿರದ ಒಂದನ್ನು ಏಳರಿಂದ ಭಾಗಿಸಿದೆ. ನೂರ ನಲವತ್ತಮೂರು, ಶೇಷವಿಲ್ಲ. ನೂರ ನಲವತ್ತಮೂರು ಎಂದರೆ ಹನ್ನೊಂದು ಹದಿಮೂರಲಿ. ಏಳು, ಹನ್ನೊಂದು, ಹದಿಮೂರು. ನನಗೆ ಭಯ ಹುಟ್ಟಿಸಿದ್ದ ಮೂರು ಸಂಖ್ಯೆಗಳೂ ಒಂದೊಂದು ಕಟ್ಟಿನೊಳಗೂ ಕೂತಿದ್ದವು. ಹದಿನಾಲ್ಕು ಎಂದರೆ ಏಳೆರಡಲಿ. ಅದಕ್ಕೆ ಬೇಕಾದ ಎರಡು ಎಂಬುದು ಏಳುನೂರ ಇಪ್ಪತ್ತರಲ್ಲೇ ಇತ್ತು. ಅವಳು ದೇವರಿಗೆಂದು ಹಾಕಿದ ಒಂದು ಬತ್ತಿ ಇಲ್ಲದಿದ್ದರೆ ಸಾವಿರಕ್ಕೆ ಈ ಯಾವ ಗುಣವೂ ಇರುತ್ತಿರಲಿಲ್ಲ.

ಒಂದರಿಂದ ಹಿಡಿದು ಭಾಗಿಸುತ್ತ ಹೋದೆವು. ಅಳಿಯ ಹೇಳುವುದು, ನಾನು ಬರೆಯುವುದು. ಹದಿನೈದಕ್ಕೂ ಶೇಷವಿಲ್ಲ. ಹದಿನಾರಕ್ಕೂ ಇಲ್ಲ. ಒಂದರಿಂದ ಹದಿನಾರರ ತನಕ ಯಾವುದರಿಂದ ಭಾಗಿಸಿದರೂ ಏನೂ ಉಳಿಯದ ಸಂಖ್ಯೆ ಇದಕ್ಕಿಂತ ಚಿಕ್ಕದು ಇದೆಯೇ ಎಂದು ಹುಡುಕಿದೆವು, ಇರಲಿಲ್ಲ. ಅಕ್ಷರ ಬಾರದ ಪಾಪಮ್ಮ ತಿಂಗಳ ಹೆಸರು, ವರ್ಷದ ಹೆಸರು, ದೇವರ ಪಾಲು, ಇಷ್ಟನ್ನೇ ಹಿಡಿದುಕೊಂಡು ಅಲ್ಲಿಗೆ ಹೋಗಿ ಮುಟ್ಟಿದ್ದಳು. ಅವಳಿಗೆ ಇದು ಗೊತ್ತಿತ್ತೆಂದು ನಾನು ಹೇಳುವುದಿಲ್ಲ. ಮುಟ್ಟಿಸಿದವನಿಗೆ ಗೊತ್ತಿತ್ತು.

"ಹದಿನೇಳು ಬಂದರೆ?" ಎಂದ ಅಳಿಯ.

"ಐದು ಉಳಿಯುತ್ತದೆ."

"ಭಾವ, ನಾಲಗೆ ಕಚ್ಕೊಳ್ರಿ" ಎಂದಳು ಹುಲಿಗೆಮ್ಮ ಒಳಗಿನಿಂದ. "ಈ ಚಳೀಲಿ ಕೆರೆ ಏರಿಗೆ ಹದಿನೇಳು ಜನ ಯಾರ್ ಬತ್ತಾರೆ?"

ಸೋಮವಾರ ಸಂಜೆ ಹೊತ್ತು ಮುಳುಗುವ ಮೊದಲೇ ಬುಟ್ಟಿಗಳನ್ನು ಗುಡಿಯ ಅಂಗಳಕ್ಕೆ ಸಾಗಿಸಿದೆವು. ಏರಿಯ ಮೇಲೆ ಗಾಳಿ ಇದ್ದುದರಿಂದ ನಾನು ಕಂಬಳಿ ಹೊದ್ದಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು, ಅಗಲ ಬಾಯಿಯ ಮಣ್ಣಿನ ಬೋಗುಣಿಗಳನ್ನು ಮುಂದಿಟ್ಟುಕೊಂಡು ಸಾಲಾಗಿ ಕೂತರು. ಪಕ್ಕದ ಮನೆಯ ಲಿಂಗಮ್ಮ ಎಲ್ಲರಿಗಿಂತ ಮೊದಲು ಬಂದು ಗಾಳಿ ಬೀಸದ ಜಾಗ ಹಿಡಿದಳು. ಅಮೃತಮಹಲ್ ದನ ಕಾಯುವವರ ಹಟ್ಟಿಯಿಂದ ಅತ್ತೆ ಸೊಸೆ ಇಬ್ಬರು ಬಂದರು. ಕಾಂತಮ್ಮ ಮಗುವನ್ನು ಗಂಡನ ಕೈಗೆ ಕೊಟ್ಟು ಕೂತಳು. ಹೊನ್ನಯ್ಯನವರು ಬೋಗುಣಿಗಳಿಗೆ ಹರಳೆಣ್ಣೆ ಹೊಯ್ಯಲು ಸಿದ್ಧರಾದರು.

ನಾನು ಸಾಲಿನ ಕಡೆ ನೋಡುತ್ತಿದ್ದುದನ್ನು ಕಂಡು, "ಮೇಷ್ಟ್ರೇ, ತಲೆ ಎಣಿಸ್ಬಾರ್ದು" ಎಂದಳು ಲಿಂಗಮ್ಮ.

"ತಲೆ ಎಣಿಸುತ್ತಿಲ್ಲವಮ್ಮ, ಬೋಗುಣಿ ಎಣಿಸುತ್ತಿದ್ದೇನೆ."

ಹನ್ನೆರಡು ಬೋಗುಣಿ ಇದ್ದವು. ಅಳಿಯ ನನ್ನ ಮುಖ ನೋಡಿ ನಕ್ಕ. ಹನ್ನೆರಡು ಬುಟ್ಟಿ, ಹನ್ನೆರಡು ಜನ. ಒಂದು ಕಟ್ಟನ್ನೂ ಬಿಚ್ಚಬೇಕಾಗಿರಲಿಲ್ಲ. ಆಳಿಗೊಂದು ಬುಟ್ಟಿ ಎತ್ತಿಕೊಟ್ಟರೆ ಮುಗಿಯಿತು. ಇಷ್ಟು ದಿನದ ಚಿಂತೆಯೆಲ್ಲ ದಂಡವಾಯಿತಲ್ಲ ಎಂದು ನನಗೂ ನಗು ಬಂತು.

ಚೈತ್ರದ ಬುಟ್ಟಿಯನ್ನು ಎತ್ತುವಾಗ ಹುಲಿಗೆಮ್ಮ ಕಣ್ಣಿಗೆ ಬಿದ್ದಳು. ಅಂಗಳದ ಹೊರಗೆ ಕಣಗಿಲೆ ಗಿಡದ ಹತ್ತಿರ, ಸೆರಗು ಹೊದ್ದು ನಿಂತಿದ್ದಳು. ಅಕ್ಕ ಹೊಸೆದದ್ದಕ್ಕೆ ಹತ್ತಿ ಬಿಡಿಸಿಕೊಟ್ಟವಳು ಅವಳು. ಬಂದಾಗಲೆಲ್ಲ ರಾಶಿ ರಾಶಿ ಬಿಡಿಸಿಟ್ಟು ಹೋಗುತ್ತಿದ್ದಳು. ಬಂದೋರ್ಗೆಲ್ಲ ಎಂದು ಪಾಪಮ್ಮ ಹೇಳಿದ್ದಳು. ತರೀಕೆರೆಯಿಂದ ಇಷ್ಟು ದೂರ ಬಂದವಳು ಇವಳೊಬ್ಬಳೇ.

ಬುಟ್ಟಿ ಕೆಳಗಿಟ್ಟೆ. "ಹುಲಿಗೆಮ್ಮ, ಬಾ, ಕೂತ್ಕೋ" ಎಂದೆ.

"ನಾನಾ?" ಎಂದಳು. ಜೋರು ಬಾಯಿಯವಳ ದನಿ ಸಣ್ಣಗಾಯಿತು. "ನಾನ್ಯಾಕೆ ಭಾವ? ಹನ್ನೆರಡೇ ಸರಿಯಾಗೈತೆ. ಒಂದೊಂದು ಬುಟ್ಟಿ ಕೊಟ್ಬಿಡ್ರಿ. ಹದಿಮೂರು ಬ್ಯಾಡ."

ಲಿಂಗಮ್ಮ, "ಗಂಡನ ಆಯುಸ್ಸಿನ ಹರಕೆ. ಹಂಗೆಲ್ಲ..." ಎಂದು ಅಲ್ಲಿಗೇ ನಿಲ್ಲಿಸಿದಳು.

"ಆಯುಸ್ಸು ನನ್ನದು ಲಿಂಗಮ್ಮ. ಅರವತ್ತು ಆಗಿಹೋಯಿತು. ಇನ್ನು ಅದಕ್ಕೆ ಏನೂ ಆಗುವುದಿಲ್ಲ" ಎಂದೆ.

ಹೊನ್ನಯ್ಯನವರು ಗರ್ಭಗುಡಿಯ ಬಾಗಿಲಲ್ಲಿ ಇಟ್ಟಿದ್ದ ಒಂದು ಬೋಗುಣಿಯನ್ನು ತಾವೇ ತಂದು ಸಾಲಿನ ಕೊನೆಯಲ್ಲಿ ಇಟ್ಟರು. "ಬಾಯಮ್ಮ. ನಿನ್ನ ಅಕ್ಕನ ಪಾಲಿನ ಮಾತು ಆಡ್ತಿದ್ದೋಳು, ಅವಳ ಪಾಲಿನ ದೀಪವನ್ನೂ ಹಚ್ಚು" ಎಂದರು. ಹುಲಿಗೆಮ್ಮ ಬಂದು ಕೂತಳು. ತಲೆ ಎತ್ತಲಿಲ್ಲ.

ಬುಟ್ಟಿಗಳನ್ನೆಲ್ಲ ಒಟ್ಟು ಸುರಿದೆವು. ಒಬ್ಬೊಬ್ಬರಿಗೆ ಐವತ್ತೈದು ಕಟ್ಟು ಹೋಯಿತು. ಐದು ಕಟ್ಟು ಉಳಿಯಿತು. ಹೆಂಗಸರೆಲ್ಲ ಆ ಐದು ಕಟ್ಟುಗಳನ್ನೇ ನೋಡುತ್ತಿದ್ದರು. ನಾನು ದಾರ ಬಿಚ್ಚಿ, ಕಂಬಳಿಯ ಮಡಿಲಲ್ಲಿ ಸುರಿದುಕೊಂಡು ಎಣಿಸಿ ಎಣಿಸಿ ಅಳಿಯನ ಕೈಗೆ ಕೊಟ್ಟೆ. ಒಂದು ಕಟ್ಟಿನಿಂದ ಆಳಿಗೆ ಎಪ್ಪತ್ತೇಳು. ಮೊದಲ ಕಟ್ಟು ಸರಿಯಾಗಿ ಮುಗಿಯಿತು. ಎರಡನೆಯದು, ಮೂರನೆಯದು, ನಾಲ್ಕನೆಯದೂ ಮುಗಿದವು. ಕತ್ತಲು ಕವಿಯುತ್ತಿತ್ತು. ಐದನೆಯ ಕಟ್ಟಿನ ಕೊನೆಯ ಪಾಲು ಹುಲಿಗೆಮ್ಮನದು. ಎಪ್ಪತ್ತನಾಲ್ಕು, ಎಪ್ಪತ್ತೈದು, ಎಪ್ಪತ್ತಾರು. ಮಡಿಲು ಖಾಲಿಯಾಗಿತ್ತು.

ಮಡಿಲನ್ನು ತಡವಿದೆ. ನೆಲ ತಡವಿದೆ. ಉಳಿಯುವುದಕ್ಕೆ ಹೆದರಿದ್ದವನಿಗೆ ಒಂದು ಕಡಿಮೆಯಾಗಬಹುದೆಂದು ಹೊಳೆದಿರಲೇ ಇಲ್ಲ. ಹದಿಮೂರನೆಯವಳಾಗಿ ಅವಳನ್ನು ಕರೆದು ಕೂರಿಸಿದ್ದು ನಾನು. ಎಲ್ಲರ ಪಾಲೂ ಸಮವಾಗಿ, ಅವಳೊಬ್ಬಳ ಪಾಲೇ ಕೊರೆಯಾಗಬೇಕೆ? ಕಾಂತಮ್ಮ ಎರಡು ಕೈಯನ್ನೂ ಎದೆಗೆ ಒತ್ತಿಕೊಂಡಿದ್ದಳು.

"ನಾನ್ ಬ್ಯಾಡ ಅಂದೆ" ಎಂದು ಹುಲಿಗೆಮ್ಮ ಮೆಲ್ಲಗೆ ಅಂದು ಏಳಲು ಹೋದಳು. ಅರ್ಧ ಎದ್ದವಳು ನನ್ನ ಕಡೆ ನೋಡಿ ಹಾಗೆಯೇ ನಿಂತಳು. ಆಮೇಲೆ ನಗಲು ಶುರುಮಾಡಿದಳು.

"ಏನ್ ಮೇಷ್ಟ್ರೋ ನೀವು! ಊರ್ ಮಕ್ಳಿಗೆಲ್ಲ ಲೆಕ್ಕ ಕಲಿಸ್ತಾರಂತೆ. ಅಲ್ನೋಡ್ರಿ, ಮೊಣಕೈ ತಾವ!"

ಕಂಬಳಿಯ ಉಣ್ಣೆಗೆ ಹತ್ತಿ ಅಂಟಿಕೊಂಡಿತ್ತು. ಕಪ್ಪು ಕಂಬಳಿಯ ಮೇಲೆ ಬೆಳ್ಳಗೆ ಒಂದು ಬತ್ತಿ. ಅವಳೇ ಕೈ ಚಾಚಿ ಬಿಡಿಸಿಕೊಂಡಳು. ಅದನ್ನು ಹಣೆಗೆ ಒತ್ತಿಕೊಂಡು, "ಲಾಭ" ಎಂದು ಬೋಗುಣಿಯಲ್ಲಿ ಇಟ್ಟಳು.

ಹೊನ್ನಯ್ಯನವರು ಎಣ್ಣೆ ಹೊಯ್ದರು. ನಂದಾದೀಪದಿಂದ ಕಿಡಿ ತಂದು ಕಾಂತಮ್ಮನ ಬೋಗುಣಿಗೆ ಮುಟ್ಟಿಸಿದರು. ಅವಳಿಂದ ಪಕ್ಕದವಳಿಗೆ, ಅವಳಿಂದ ಮುಂದಿನವಳಿಗೆ ಬೆಂಕಿ ಹೋಯಿತು. ನನ್ನ ಅರವತ್ತು ವರ್ಷದ ತಿಂಗಳುಗಳೆಲ್ಲ ಹದಿಮೂರು ಕಡೆ ಒಟ್ಟಿಗೆ ಹತ್ತಿಕೊಂಡು ಉರಿದವು. ಏರಿಯ ಕೆಳಗಿನ ನೀರಿನಲ್ಲೂ ಹದಿಮೂರು ಕಂಡವು. ಉರಿಯ ಕಾವು ತಡೆಯಲಾರದೆ ಲಿಂಗಮ್ಮ ತಾನು ಹಿಡಿದಿದ್ದ ಒಳ್ಳೆಯ ಜಾಗ ಬಿಟ್ಟು ಹುಲಿಗೆಮ್ಮನ ಪಕ್ಕಕ್ಕೆ ಬಂದು ಕೂತಳು. ಇಬ್ಬರೂ ಏನೋ ಮಾತಾಡಿಕೊಂಡರು.

ನಾನು ಬುಟ್ಟಿಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ತಳ ತಟ್ಟಿ ನೋಡಿದೆ. ಏನೂ ಬೀಳಲಿಲ್ಲ. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿಯಿತು. ಮುಗಿಯಿತು ಕಣೇ, ಒಂದೂ ಉಳಿಯಲಿಲ್ಲ ಎಂದು ಮನಸ್ಸಿನಲ್ಲೇ ಅವಳಿಗೆ ಹೇಳಿದೆ.

ಮಾರನೆಯ ದಿನ ಕಾಂತಮ್ಮ ಆ ಬುಟ್ಟಿಗಳಲ್ಲಿ ಎರಡನ್ನು ತೆಗೆದುಕೊಂಡು, ತುಂಬ ಅವರೆಕಾಯಿ ಹಾಕಿಕೊಂಡು ಕಡೂರಿಗೆ ಹೊರಟಳು.